ಜಾಲರಿಯ ಕೆಳಗಿನ ಸಂದು

ಅಕ್ಕ, ಅವತ್ತು ಏರ್‌ಪೋರ್ಟ್ ರಸ್ತೆಯಲ್ಲಿ ನಿನ್ನ ಕೂದಲನ್ನೆಲ್ಲ ತಂದು ಕಣ್ಣಿಗೆ ಹಾಕಿದ್ದು ಗಾಳಿಯಲ್ಲ — ನಾನು. ಭಾವನ ಕಾರಿಗೆ ನಾನು ಕೂರಿಸಿಕೊಟ್ಟ ವಿಂಡ್ ಡಿಫ್ಲೆಕ್ಟರಿನಲ್ಲಿ, ಆ ಗಾಳಿ ತಡೆಯುವ ಜಾಲರಿಯಲ್ಲಿ, ಯಾವ ದೋಷವೂ ಇರಲಿಲ್ಲ. ಅದರ ಕೆಳಗಡೆ ಬರಬೇಕಾಗಿದ್ದ ರಬ್ಬರಿನ ಪಟ್ಟಿಯೊಂದನ್ನು ನಾನು ಬೇಕೆಂದೇ ಹಾಕಲಿಲ್ಲ. ಮರೆತದ್ದಲ್ಲ, ಕಳೆದುಹೋದದ್ದೂ ಅಲ್ಲ. ಬಿಚ್ಚಿ ತೆಗೆದು, ಹಳೇ ಬನಿಯನ್ನಿನಲ್ಲಿ ಸುತ್ತಿ ಅಂಗಡಿಯ ಅಟ್ಟದ ಮೇಲೆ ಇಟ್ಟೆ. ಈಗಲೂ ಅಲ್ಲೇ ಇದೆ.

ಇನ್ನೊಂದು ಇದೆ. ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಮಾತಾಡಿ ಜಾರಿಕೊಳ್ಳುತ್ತೇನೆ — ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಆ ಡಿಫ್ಲೆಕ್ಟರ್ ತರಿಸಿದ್ದು ನಾನಲ್ಲ, ಭಾವ. ನಿನಗೋಸ್ಕರ ತರಿಸಿದ್ದರು. ಅವರು ಹೋದ ಮೇಲೆ ಅದು ನನ್ನ ಅಂಗಡಿಗೆ ಬಂತು. ನಾನು ನಿನಗೆ ಹೇಳಲಿಲ್ಲ.

ಹೇಳಿದ್ದಾಯಿತು. ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನೋಡು. ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿರುವುದನ್ನು ಹಿಡಿದುಕೊಂಡೇ ಗೊತ್ತಿಲ್ಲದ್ದರ ಹತ್ತಿರ ಹೋಗಬೇಕು, ಒಮ್ಮೆಲೇ ಹೋಗುವ ಧೈರ್ಯ ನನಗಿಲ್ಲ.

ಭಾವ ಆ ಕಾರು ತಂದ ದಿನ ನೆನಪಿದೆಯಲ್ಲ. ಎರಡೇ ಸೀಟು, ಹಸಿರು ಬಣ್ಣ, ಮೇಲಿನ ಬಟ್ಟೆಯ ಮುಚ್ಚಿಗೆಯನ್ನು ಮಡಚಿ ಹಿಂದಕ್ಕೆ ಹಾಕಿದರೆ ಆಕಾಶವೇ ಚಾವಣಿ. ಯಶವಂತಪುರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡು ದಿನವಿಡೀ ಎಣ್ಣೆಕೈ ಮಾಡಿಕೊಳ್ಳುವ ಮನುಷ್ಯನಿಗೆ ಇಂಥ ಆಸೆ ಎಲ್ಲಿಂದ ಹುಟ್ಟಿತೋ. ದೇಶ ಬಿಟ್ಟು ಹೊರಟಿದ್ದ ಯಾರಿಂದಲೋ ಹಳೇ ಕಾರು ಕೊಂಡು, ಇಂಜಿನ್ನನ್ನು ತಾವೇ ಬಿಚ್ಚಿ ಜೋಡಿಸಿ, ಸಂಜಯನಗರದ ನಿಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಅಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು, ಬಾನೆಟ್ಟಿಗೆ ಕುಂಕುಮ ಹಚ್ಚಿದಳು, ಆಮೇಲೆ ಸುತ್ತ ಒಂದು ಸಲ ನಡೆದು ಕೇಳಿದಳು: "ಉಳಿದ ಅರ್ಧ ಎಲ್ಲಿ?"

ಮಾಕಳಿಯಿಂದ ದೊಡ್ಡಮ್ಮ ಬಂದಿದ್ದಳು. ಮಕ್ಕಳಾದರೆ ಎಲ್ಲಿ ಕೂರಿಸುತ್ತೀರಿ ಎಂದು ಅವಳು ಎಲ್ಲರ ಎದುರಿಗೆ ಕೇಳಿದಳು. ನಿಮಗೆ ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಎಲ್ಲರಿಗೂ ಗೊತ್ತಿತ್ತು, ಆದರೂ ಕೇಳಿದಳು. ನಿನ್ನ ಮುಖ ಬಾಡಿದ್ದನ್ನು ನಾನು ನೋಡಿದೆ. ಭಾವ ಮಾತ್ರ ನಕ್ಕು, "ಇರೋರು ಇಬ್ರು, ಸೀಟು ಎರಡು. ಲೆಕ್ಕ ಸರಿ ಇದೆಯಾ ಟೀಚರ್?" ಎಂದು ನಿನ್ನನ್ನೇ ಕೇಳಿದರು. ಶಾಲೆಯಲ್ಲಿ ಗಣಿತ ಹೇಳುವ ನೀನು, "ಸರಿ ಇದೆ, ಫುಲ್ ಮಾರ್ಕ್ಸು" ಎಂದೆ. ಆ ಮನುಷ್ಯನನ್ನು ನಾನು ನಿನ್ನ ಗಂಡ ಅಂತ ಪ್ರೀತಿಸುತ್ತಿರಲಿಲ್ಲ ಅಕ್ಕ. ನನ್ನವರು ಅಂತಲೇ ಪ್ರೀತಿಸುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಮುಂದೆ ಬರುತ್ತದೆ.

ಗಂಗಾನಗರದ ನನ್ನ ಅಂಗಡಿ ಆಗ ಸೀಟ್ ಕವರು, ಸ್ಟೀರಿಯೋ, ಹಾರನ್ನುಗಳಲ್ಲೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಭಾವ ಬಂದು ಸ್ಟೂಲಿನ ಮೇಲೆ ಕೂತರು.

"ನಿಮ್ಮಕ್ಕ ಪಕ್ಕದಲ್ಲಿ ಕೂತ್ರೆ ನನಗೆ ಒಂದಕ್ಷರ ಕೇಳಲ್ಲ ಕಣೋ ಸೀನ. ಗಾಳಿ ಸದ್ದಲ್ಲಿ ಅವಳು ಏನೋ ಹೇಳ್ತಾಳೆ, ನಾನು ಹ್ಞೂಂ ಅಂತೀನಿ. ಮನೇಗೆ ಹೋದ್ಮೇಲೆ ಗೊತ್ತಾಗುತ್ತೆ ಏನಕ್ಕೆ ಹ್ಞೂಂ ಅಂದೆ ಅಂತ. ಈಗ ಅಡುಗೆಮನೆಗೆ ಹೊಸ ಕಲ್ಲು ಹಾಕಿಸ್ತಾ ಇದೀನಿ ನೋಡು, ಅದು ಹಂಗೇ ಆಗಿದ್ದು."

ನಾನು ಬಿದ್ದು ಬಿದ್ದು ನಕ್ಕೆ. ಆಗ ಅವರೇ ಈ ಡಿಫ್ಲೆಕ್ಟರಿನ ವಿಷಯ ಹೇಳಿದರು. ತೆರೆದ ಕಾರಿನಲ್ಲಿ ಗಾಳಿ ಮುಂದಿನಿಂದ ಹೊಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಮುಂದಿನ ಗಾಜು ದಾಟಿದ ಗಾಳಿ ತಲೆಯ ಮೇಲಿಂದ ಹೋಗಿ, ಸೀಟಿನ ಹಿಂದೆ ಸುತ್ತಿಕೊಂಡು ವಾಪಸ್ ಬಂದು ಕತ್ತಿಗೆ ಹೊಡೆಯುತ್ತದೆ. ಕೂದಲು ಮುಖಕ್ಕೆ ಬರುವುದು ಅದಕ್ಕೇ. ಸೀಟುಗಳ ಹಿಂದೆ ಒಂದು ಚೌಕಟ್ಟು ನಿಲ್ಲಿಸಿ ಅದಕ್ಕೆ ಕಪ್ಪು ಜಾಲರಿ ಎಳೆದು ಕಟ್ಟಿದರೆ ಆ ವಾಪಸ್ ಬರುವ ಗಾಳಿ ಅಲ್ಲೇ ನಿಲ್ಲುತ್ತದೆ. ಚೌಕಟ್ಟಿನ ಕೆಳಗೆ ಒಂದು ರಬ್ಬರಿನ ಪಟ್ಟಿ ಇರುತ್ತದೆ, ಅದು ಸಂದು ಮುಚ್ಚುತ್ತದೆ. ಪಟ್ಟಿ ಇಲ್ಲದಿದ್ದರೆ ತಡೆದ ಗಾಳಿಯೆಲ್ಲ ಆ ಸಂದಿನಲ್ಲೇ ನುಗ್ಗಿ ಮೊದಲಿಗಿಂತ ಜೋರಾಗಿ ಮೇಲಕ್ಕೇಳುತ್ತದೆ. ಇಷ್ಟೇ ಅದರ ವಿದ್ಯೆ.

"ಹೊರದೇಶದಿಂದ ತರಿಸ್ಬೇಕು. ನಿನ್ನ ಅಂಗಡಿ ಅಡ್ರೆಸ್ಸಿಗೆ ತರಿಸ್ತೀನಿ," ಎಂದರು ಭಾವ. "ಅವಳಿಗೆ ಹೇಳ್ಬೇಡ. ಒಂದ್ ಭಾನುವಾರ ಹಾಕ್ಕೊಡು, ಕೂರಿಸ್ಕೊಂಡು ಹೋಗಿ ದಾರೀಲಿ ಮೆಲ್ಲಗೆ ಏನಾದ್ರೂ ಹೇಳ್ತೀನಿ. ಕೇಳಿಸುತ್ತೋ ಇಲ್ವೋ ನೋಡೋಣ."

"ಏನ್ ಹೇಳ್ತೀರಾ ಭಾವ?" ಎಂದೆ.

"ನಿನಗ್ಯಾಕೋ ಅದೆಲ್ಲ," ಎಂದು ನನ್ನ ತಲೆಗೊಂದು ಮೊಟಕಿ ಎದ್ದು ಹೋದರು.

ಅವರು ತೀರಿಹೋದದ್ದು ಹೇಗೆಂದು ನಿನಗೆ ನಾನು ಹೇಳಬೇಕಾಗಿಲ್ಲ. ವರ್ಕ್‌ಶಾಪಿನಲ್ಲಿ ನಿಂತಲ್ಲೇ ಕುಸಿದರು. ಹದಿಮೂರನೆಯ ದಿನದ ಕೆಲಸಗಳೂ ಮುಗಿದು, ನೆಂಟರೆಲ್ಲ ಚದುರಿದ ಮೇಲೆ, ಅಂಗಡಿಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬಂತು. ಸಹಿ ಹಾಕಿ ತೆಗೆದುಕೊಂಡೆ. ಆಗ ನಿನಗೆ ಅದನ್ನು ಕೊಡುವುದು ಸಾಧ್ಯವೇ ಇರಲಿಲ್ಲ ಅಕ್ಕ, ನೀನು ಊಟವನ್ನೇ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದೆ. ಆಗ ಅಟ್ಟಕ್ಕೆ ಹಾಕಿದ್ದು ತಪ್ಪಲ್ಲ ಎಂದು ಈಗಲೂ ಅನ್ನಿಸುತ್ತದೆ. ತಪ್ಪು ಆಮೇಲಿನದು.

ವರ್ಷದ ಕಾರ್ಯ ಮುಗಿಯಿತು. ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಸಂಜೆ ನಾನು ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಹಸಿರು ಕಾರು ಬಂತು. ಮುಚ್ಚಿಗೆ ಮಡಚಿತ್ತು. ನೀನೊಬ್ಬಳೇ ಇದ್ದೆ. ಜಡೆ ಬಿಚ್ಚಿಹೋಗಿ ಕೂದಲು ಮುಖದ ತುಂಬ ಹಾರಾಡುತ್ತಿತ್ತು, ಒಂದು ಕೈಯಲ್ಲಿ ಹಿಂದಕ್ಕೆ ತಳ್ಳುತ್ತಿದ್ದೆ, ಮತ್ತೆ ಬರುತ್ತಿತ್ತು — ಆದರೂ ನೀನು ನಗುತ್ತಿದ್ದೆ. ಒಬ್ಬಳೇ. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ. ನನ್ನನ್ನು ನೋಡಲಿಲ್ಲ, ಹಾಗೇ ಮುಂದೆ ಹೋದೆ.

ನನಗೆ ಸಂತೋಷವಾಗಬೇಕಿತ್ತು. ಒಂದು ವರ್ಷದಿಂದ ದೇವರಲ್ಲಿ ಕೇಳಿಕೊಂಡಿದ್ದೇ ಅದನ್ನು, ನನ್ನಕ್ಕ ಒಂದು ಸಲ ನಗಲಿ ಅಂತ. ಆದರೆ ಅಕ್ಕ, ನನಗೆ ಕೋಪ ಬಂತು. ಮೈಯೆಲ್ಲ ಉರಿಯಿತು. ಭಾವ ಇಲ್ಲದೆ, ಭಾವನ ಕಾರಿನಲ್ಲಿ, ಇವಳು ನಗುತ್ತಾಳಲ್ಲ — ಮರೆತೇಬಿಟ್ಟಳಾ ಅನ್ನಿಸಿತು. ನಾನು ಮರೆತಿಲ್ಲ, ಇವಳು ಮರೆತಳು. ಅಂಥ ನೀಚ ಲೆಕ್ಕ ಹಾಕಿದೆ ನಾನು, ಅಂಗಡಿ ಬಾಗಿಲಲ್ಲಿ ನಿಂತು.

ಊರ ಬಾಯಿಯೂ ಸುಮ್ಮನಿರಲಿಲ್ಲ. ಮಾಕಳಿಯಲ್ಲಿ ನಾಮಕರಣಕ್ಕೆ ಹೋಗಿದ್ದಾಗ ದೊಡ್ಡಮ್ಮ ಎಲೆಗೆ ಪಾಯಸ ಬಡಿಸುತ್ತಲೇ ಕೇಳಿದಳು: "ಏನ್ ಸೀನಪ್ಪ, ನಿಮ್ಮಕ್ಕ ತಲೆ ಕೆದ್ರುಕೊಂಡು ಆ ಬೋಳು ಕಾರಲ್ಲಿ ಓಯ್ತಿದ್ಲಂತೆ. ನಮ್ ಉಡ್ಗ ನೋಡವ್ನೆ. ಇಂಗಾದ್ರೆ ಎಂಗಪ್ಪ?" ಬೋಳು ಅನ್ನುವ ಮಾತನ್ನು ಅವಳು ಕಾರಿಗೆ ಮಾತ್ರ ಅಂದದ್ದಲ್ಲ. ನನಗೆ ತಿಳಿಯಿತು. ಎದ್ದು ಬರಬಹುದಿತ್ತು. ನಾನು ಕೂತು ಪಾಯಸ ತಿಂದೆ.

ಆ ವಾರವೇ ನೀನು ಬಂದೆ. "ಸೀನ, ಹಿಂದಿನ ಗಾಳಿ ತಡೆಯೋದಕ್ಕೆ ಏನೋ ಜಾಲರಿ ಥರ ಸಿಗುತ್ತಂತೆ. ನಿಮ್ಮ ಭಾವ ಒಂದ್ಸಲ ಹೇಳ್ತಿದ್ರು. ನಿನಗೆ ಗೊತ್ತಾ?"

ಅಟ್ಟ ನಿನ್ನ ತಲೆಯ ಮೇಲೇ ಇತ್ತು. ಪೆಟ್ಟಿಗೆಯ ಒಂದು ತುದಿ ಹೊರಗೆ ಕಾಣುತ್ತಿತ್ತು. ಆಗಲೇ ಕೈ ಚಾಚಿ ಇಳಿಸಿ, ತಗೋ ಅಕ್ಕ, ಭಾವ ತರಿಸಿದ್ದು, ಅಂದಿದ್ದರೆ — ಇಲ್ಲ, ಅಂದಿದ್ದರೆ ಅನ್ನುವುದನ್ನೆಲ್ಲ ಬರೆಯುವುದಿಲ್ಲ. "ವಿಚಾರಿಸ್ತೀನಿ ಅಕ್ಕ," ಎಂದೆ.

ಅಮ್ಮನಿಗೆ ಹೇಳಿದೆ. ಅವಳು ಅವರೆಕಾಳು ಸುಲಿಯುತ್ತಾ ಕೂತಿದ್ದಳು. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದಳು. ಆಮೇಲೆ, "ಸ್ವಲ್ಪ ದಿನ ತಳ್ಳೋ ಸೀನ. ಅವಳಿಗೇ ಬೇಜಾರಾಗಿ ಬಿಟ್ಬಿಡ್ತಾಳೆ. ಜನ ಆಡ್ಕೊಳ್ಳೋದು ಕೇಳಕ್ಕೆ ನನ್ನ ಕೈಲಿ ಆಗಲ್ಲ," ಎಂದಳು. ಅಮ್ಮ ಈಗ ಇಲ್ಲ. ಎಲ್ಲವನ್ನೂ ಅವಳ ಮೇಲೆ ಹಾಕಿ ನಾನು ಬಚಾವಾಗಬಹುದು, ಯಾರೂ ಕೇಳುವವರಿಲ್ಲ. ಆದರೆ ಅಮ್ಮ ಹೇಳಿದ್ದು ತಳ್ಳು ಅಂತ ಅಷ್ಟೇ. ಪಟ್ಟಿ ಬಿಚ್ಚು ಅಂತ ಹೇಳಲಿಲ್ಲ. ಆ ಬುದ್ಧಿ ಪೂರ್ತಿ ನನ್ನದು.

ತಳ್ಳುವುದು ನನಗೆ ಕಷ್ಟವಾಗಲಿಲ್ಲ. ನಮ್ಮ ಕಸುಬಿನಲ್ಲಿ "ಪಾರ್ಟ್ ಬಂದಿಲ್ಲ" ಅನ್ನುವುದು ಸುಳ್ಳಿನ ಲೆಕ್ಕಕ್ಕೇ ಬರುವುದಿಲ್ಲ. ಕೆಲಸ ಶುರು ಮಾಡಿರುವುದಿಲ್ಲ, ಗಿರಾಕಿ ಬರುತ್ತಾರೆ, ಪಾರ್ಟ್ ಬಂದಿಲ್ಲ ಸಾರ್ ಅನ್ನುತ್ತೇವೆ. ಅವರಿಗೂ ಗೊತ್ತು, ನಮಗೂ ಗೊತ್ತು. ಇನ್ನೊಂದು ವಾರ ಬಿಟ್ಟು ಬರುತ್ತಾರೆ. ದಿನಕ್ಕೆ ಎಷ್ಟೋ ಸಲ ಹೇಳಿ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿದ್ದ ಆ ಮಾತನ್ನು ನಿನಗೂ ಹೇಳಿದೆ. ಆರ್ಡರ್ ಹಾಕಿದೀನಿ ಅಕ್ಕ. ಕಸ್ಟಮ್ಸಲ್ಲಿ ನಿಂತಿದೆ ಅಕ್ಕ. ಬೇರೆ ಮಾಡೆಲ್ಲಿಂದು ಕಳಿಸಿಬಿಟ್ಟಿದ್ರು, ವಾಪಸ್ ಕಳಿಸಿದೀನಿ ಅಕ್ಕ. ಆದರೆ ಗಿರಾಕಿಗೂ ನಿನಗೂ ಒಂದು ವ್ಯತ್ಯಾಸವಿತ್ತು — ನೀನು ನಂಬುತ್ತಿದ್ದೆ. ನಂಬಿ, ಬಂದಾಗಲೆಲ್ಲ ನನಗೆ ಒಂದು ಡಬ್ಬಿಯಲ್ಲಿ ಏನಾದರೂ ತಿಂಡಿ ತರುತ್ತಿದ್ದೆ. ನನ್ನ ಕೆಲಸಕ್ಕೋಸ್ಕರ ಎಷ್ಟು ಓಡಾಡ್ತಿದೀಯಲ್ಲ ಪಾಪ ಅಂತ.

ಕೊನೆಗೆ ನಿನಗೆ ಬೇಜಾರಾಗಲಿಲ್ಲ, ನನಗೇ ಆಯಿತು. ಅಮ್ಮ ಅಂದುಕೊಂಡ ಹಾಗೆ ನೀನು ಬಿಡಲಿಲ್ಲ. ಆಗ ನನ್ನ ತಲೆಗೆ ಆ ಕೆಟ್ಟ ಉಪಾಯ ಹೊಳೆಯಿತು: ಹಾಕಿಯೇ ಕೊಡೋಣ, ಆದರೆ ಕೆಲಸ ಮಾಡದ ಹಾಗೆ ಹಾಕೋಣ. ಆಗ ಅವಳೇ ಸಾಕು ಅನ್ನುತ್ತಾಳೆ, ನಾನು ಬೇಡ ಅಂದ ಹಾಗೂ ಆಗುವುದಿಲ್ಲ. ಶನಿವಾರ ಪೆಟ್ಟಿಗೆ ಇಳಿಸಿದೆ. ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದೆ. ಎಷ್ಟು ಚೆನ್ನಾಗಿ ಮಾಡಿದ ಸಾಮಾನು ಅಕ್ಕ ಅದು. ಭಾವನ ಕೈಗೆ ಸಿಕ್ಕಿದ್ದರೆ ಸುತ್ತ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ನೀನು ಫ್ಲಾಸ್ಕಿನಲ್ಲಿ ಕಾಫಿ ತಂದು, ಭಾವ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ನನ್ನ ಕೆಲಸ ನೋಡಿದೆ. ನಾನು ಚೌಕಟ್ಟು ನಿಲ್ಲಿಸಿದೆ, ಕ್ಲಾಂಪು ಬಿಗಿದೆ, ಚೌಕಟ್ಟಿನ ಮೂಲೆಗೆ ಅಂಗಡಿಯ ಸ್ಟಿಕ್ಕರ್ ಕೂಡ ಅಂಟಿಸಿದೆ. ನೀನು ಹತ್ತಿರ ಬಂದು ಬಗ್ಗಿ ನೋಡಿದೆ. ಗಣಿತದ ಕಣ್ಣು ನಿನ್ನದು, ತಪ್ಪಿಸುವುದು ಕಷ್ಟ.

"ಕೆಳಗೆ ಸಂದು ಬಿಟ್ಟಿದೀಯಲ್ಲೋ."

"ಅದು ಬೇಕು ಅಕ್ಕ. ಗಾಳಿ ಹೋಗಕ್ಕೆ ದಾರಿ ಬೇಡ್ವಾ?"

ನೀನು ಆ ಸಂದಿನಲ್ಲಿ ಬೆರಳು ಆಡಿಸಿ ನೋಡಿದೆ. ಆಮೇಲೆ ಅಂದೆ: "ನಿನ್ನ ಕಸುಬು, ನಿನಗೆ ಗೊತ್ತು."

ಈ ಮಾತು, ಅಕ್ಕ. ಆಮೇಲೆ ಎಷ್ಟೋ ಕಾರಿನ ಕೆಳಗೆ ಮಲಗಿದ್ದಾಗ, ಎಷ್ಟೋ ಗಿರಾಕಿಗಳ ಎದುರು ನಿಂತಿದ್ದಾಗ ನನಗೆ ಕೇಳಿಸಿದೆ. ನಿನ್ನ ಕಸುಬು, ನಿನಗೆ ಗೊತ್ತು. ಗೊತ್ತಿತ್ತು. ಅದೇ ನನ್ನ ತಪ್ಪು.

ನೀನು ಓಡಿಸಿದೆ, ನಾನು ಪಕ್ಕದಲ್ಲಿ ಕೂತೆ. ಹೆಬ್ಬಾಳದ ಹತ್ತಿರ ಸಿಗ್ನಲ್ಲಿನಲ್ಲಿ ನೀನು ಕ್ಲಿಪ್ಪು ತೆಗೆದು ಕೂದಲನ್ನು ಪೂರ್ತಿ ಬಿಟ್ಟೆ. "ಟೆಸ್ಟ್ ಅಂದ್ಮೇಲೆ ಸರಿಯಾಗಿ ಮಾಡ್ಬೇಕು," ಎಂದೆ. ಏರ್‌ಪೋರ್ಟಿಗೆ ಹೋಗುವ ಮೇಲಿನ ರಸ್ತೆ ಆಗಿನ್ನೂ ಹೊಸದು. ಅದನ್ನು ಹತ್ತಿದ ಕೂಡಲೇ ನೀನು ಕಾಲು ಒತ್ತಿದೆ. ನನಗೆ ಗೊತ್ತಿದ್ದದ್ದೇ ಆಯಿತು. ಗಾಳಿ ಸಂದಿನಿಂದ ನುಗ್ಗಿ ಬೆನ್ನಿನ ಹಿಂದೆ ಎದ್ದಿತು. ಆ ಸದ್ದಿನಲ್ಲಿ ನೀನು ನನ್ನ ಕಡೆ ತಿರುಗಿ ಏನೋ ಕೇಳಿದೆ. ತುಟಿ ಆಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ಕೊನೆಯಲ್ಲಿ ನಿನ್ನ ಹುಬ್ಬು ಮೇಲಕ್ಕೆದ್ದಿತು — ಪ್ರಶ್ನೆಯಂತೂ ಹೌದು. ಏನಂದೆ ಅಂತ ಕೇಳುವ ಮುಖ ನನಗಿರಲಿಲ್ಲ. "ಹ್ಞೂಂ ಅಕ್ಕ," ಎಂದೆ. ನೀನು ತಲೆಯಾಡಿಸಿ ನಕ್ಕೆ. ಎಷ್ಟು ಸಮಾಧಾನದ ನಗು ಅದು.

ಅಷ್ಟರಲ್ಲಿ ಕೂದಲು ನಿನ್ನ ಕಣ್ಣನ್ನು ಪೂರ್ತಿ ಮುಚ್ಚಿತು. ಹಿಂದಿನಿಂದ ಲಾರಿಯ ಹಾರನ್ನು. ಕಾರು ಪಕ್ಕಕ್ಕೆ ವಾಲಿತು, ನಾನು ಸ್ಟೀರಿಂಗಿಗೆ ಕೈ ಹಾಕಿದೆ. ಜನ ಆಡಿಕೊಳ್ಳುವುದನ್ನು ತಪ್ಪಿಸಲು ಹೋಗಿ ನಿನ್ನ ಜೀವದ ಜೊತೆ ಆಟವಾಡಿದ್ದೆ. ಅದು ನನ್ನ ಉಪಾಯದಲ್ಲಿ ಇರಲಿಲ್ಲ, ನಾನು ಅಷ್ಟು ದೂರ ಯೋಚಿಸಿರಲೇ ಇಲ್ಲ. ನೀನು ಮೆಲ್ಲಗೆ ಓಡಿಸಿ, ಮೇಲಿನ ರಸ್ತೆ ಇಳಿದು, ಯಲಹಂಕದ ಹತ್ತಿರ ಒಂದು ಹೊಂಗೆಮರದ ಕೆಳಗೆ ನಿಲ್ಲಿಸಿದೆ. ಕೂದಲು ಒಟ್ಟು ಮಾಡಿ ಗಂಟು ಹಾಕಿಕೊಂಡೆ.

"ಇಷ್ಟೇನಾ ಸೀನ ಇದು?"

ಅದು ನನಗೆ ಸಿಕ್ಕ ಕೊನೆಯ ಅವಕಾಶ. ಪಟ್ಟಿ ಅಂಗಡಿಯಲ್ಲಿತ್ತು. ಮರೆತಿದ್ದೆ ಅಕ್ಕ, ಈಗ ಹಾಕ್ತೀನಿ, ಅಂದಿದ್ದರೂ ಆಗುತ್ತಿತ್ತು, ಇನ್ನೊಂದು ಸಣ್ಣ ಸುಳ್ಳು.

"ಇಷ್ಟೇ ಅಕ್ಕ," ಎಂದೆ. "ಇದಕ್ಕಿಂತ ತಡೆಯಲ್ಲ."

ನೀನು ಸ್ವಲ್ಪ ಹೊತ್ತು ಜಾಲರಿಯನ್ನೇ ನೋಡಿದೆ. ಆಮೇಲೆ ನನ್ನ ಭುಜ ತಟ್ಟಿದೆ — ನನ್ನನ್ನು ಸಮಾಧಾನ ಮಾಡಿದೆ, ನೀನು. "ಹೋಗ್ಲಿ ಬಿಡು. ನನ್ನ ಹುಚ್ಚಿಗೆ ನೀನು ಇಷ್ಟೆಲ್ಲ ಓಡಾಡಿದೆ. ಇದು ನನಗಲ್ಲ ಅನ್ಸುತ್ತೆ. ಟಾಪ್ ಹಾಕ್ಬಿಡು." ನಾನು ಮುಚ್ಚಿಗೆ ಎಳೆದು ಹಾಕಿದೆ. ನಾನು ಬಯಸಿದ್ದೇ ಆಯಿತು, ಊರ ಬಾಯಿ ಮುಚ್ಚಿತು, ಅಮ್ಮ ಆ ಸಂಜೆ ನೆಮ್ಮದಿಯಾಗಿ ಕಾಫಿ ಕುಡಿದಳು. ನಾನು ಊಟ ಮಾಡಲಿಲ್ಲ.

ಕೆಲವು ತಿಂಗಳಿಗೆ ನೀನು ಜಾಲರಿಯ ಸಮೇತ ಕಾರು ಮಾರಿದೆ. ಮಾರಿದ ಮೇಲೆಯೇ ನನಗೆ ಹೇಳಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಆದರೆ ಒಂದು ದಿನ ಆ ಹಸಿರು ಕಾರು ನನ್ನ ಅಂಗಡಿ ಮುಂದೆ ಬಂದು ನಿಂತಿತು. ಕೊಂಡವರು ಯಲಹಂಕ ನ್ಯೂ ಟೌನಿನ ವಯಸ್ಸಾದ ದಂಪತಿ. ಸ್ಟಿಕ್ಕರ್ ನೋಡಿ ಹುಡುಕಿಕೊಂಡು ಬಂದಿದ್ದರು. "ಕೆಳಗಿಂದ ಗಾಳಿ ನುಗ್ಗುತ್ತೆ ಕಣ್ರೀ, ಏನೋ ಒಂದು ಪೀಸ್ ಇಲ್ಲ ಅನ್ಸುತ್ತೆ," ಎಂದರು ಆತ. ಆಕೆ ಮುಡಿದ ಮಲ್ಲಿಗೆ ದಂಡೆ ಅರ್ಧ ಜಾರಿ ನೇತಾಡುತ್ತಿತ್ತು.

ಅಸಲಿ ಪಟ್ಟಿ ತಲೆಯ ಮೇಲೇ ಇತ್ತು. ಅದನ್ನು ಕೊಡಲು ಮನಸ್ಸು ಬರಲಿಲ್ಲ. ಅದು ನಿನ್ನದು. ದಪ್ಪ ರಬ್ಬರು ಶೀಟು ಕತ್ತರಿಸಿ, ಅಂಚು ಮಡಚಿ ಹೊಲಿದು, ಹೊಸದೇ ಮಾಡಿ ಹಾಕಿದೆ. ಅವರು ಒಂದೊಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸವಾಯಿತು. ನಿನಗೆ ತಿಂಗಳುಗಟ್ಟಲೆ ಬರದಿದ್ದ ಪಾರ್ಟು ಅದು.

ಆಕೆಯನ್ನು ಅಂಗಡಿಯಲ್ಲಿ ಕೂರಿಸಿ ಆತ ನನ್ನನ್ನು ಒಂದು ಸುತ್ತು ಕರೆದುಕೊಂಡು ಹೋದರು. ಮತ್ತೆ ಅದೇ ಸೀಟು, ಅದೇ ಮೇಲಿನ ರಸ್ತೆ. ಗಾಳಿ ತಲೆಯ ಮೇಲೆ ಎಲ್ಲೋ ಹೋಗುತ್ತಿತ್ತು, ನಮ್ಮನ್ನು ಮುಟ್ಟುತ್ತಿರಲಿಲ್ಲ. ಒಳಗೆ ಎಂಥ ಶಾಂತಿ. ಆತ ಲೇನು ಬದಲಿಸಿದಾಗ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು ಅಕ್ಕ. ಅಷ್ಟು ಸ್ಪಷ್ಟವಾಗಿ. ಆತ ದನಿ ಎತ್ತದೆಯೇ, ಪಕ್ಕದ ಮನೆಯವರ ಜೊತೆ ಕಾಂಪೌಂಡಿನಲ್ಲಿ ನಿಂತು ಮಾತಾಡುವ ಹಾಗೆ, "ಈಗ ಸರಿಯಾಯ್ತು ನೋಡಿ. ನಮ್ಮನೆಯವ್ರಿಗೆ ಇನ್ನು ಕಿರುಚೋ ಕೆಲಸ ಇಲ್ಲ," ಎಂದರು.

ಭಾವ ಮೆಲ್ಲಗೆ ಏನಾದರೂ ಹೇಳುತ್ತೇನೆ ಎಂದಿದ್ದರಲ್ಲ, ಅದು ಇಲ್ಲಿ. ಈ ಶಾಂತಿಯನ್ನು ಅವರು ನಿನಗೆ ಬಿಟ್ಟು ಹೋಗಿದ್ದರು. ಅವರು ಇಲ್ಲದಿದ್ದರೂ ನೀನು ಇದರಲ್ಲಿ ಕೂತು ಅವರ ಜೊತೆ ಮಾತಾಡಿಕೊಳ್ಳಬಹುದಿತ್ತು — ಅವತ್ತು ಅಂಗಡಿ ಮುಂದೆ ನಗುತ್ತಾ ಹೋದೆಯಲ್ಲ, ಬಹುಶಃ ಅದನ್ನೇ ಮಾಡುತ್ತಿದ್ದೆ. ನೀನು ಮರೆತದ್ದಲ್ಲ. ನಾನು ಅದನ್ನು ಮರೆವು ಎಂದು ಓದಿಕೊಂಡೆ. ನನಗೆ ಕಣ್ಣೀರು ಬಂತು. ಆತ ಗಾಬರಿಯಾಗಿ ಏನಾಯ್ತು ಎಂದರು. ಗಾಳಿ ಸಾರ್, ಎಂದೆ. ಅಲ್ಲಿ ಗಾಳಿಯೇ ಇರಲಿಲ್ಲ.

ಈಗ ಯಾಕೆ ಹೇಳುತ್ತಿದ್ದೀಯ ಎಂದು ಕೇಳಬಹುದು. ಮೊನ್ನೆ ಅಮ್ಮನ ವರ್ಷದ ತಿಥಿಗೆ ಬಂದಿದ್ದಾಗ ನೀನು ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದೆ: "ನಿಮ್ಮಪ್ಪ ನನಗೋಸ್ಕರ ಹೊರದೇಶದಿಂದ ಒಂದು ಸಾಮಾನು ತರಿಸಕ್ಕೆ ಎಷ್ಟು ಒದ್ದಾಡಿದ್ದ ಗೊತ್ತಾ? ಪ್ರಯೋಜನ ಆಗ್ಲಿಲ್ಲ, ಬಿಡು. ಆದ್ರೆ ಅಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾನೆ?" ನಾನು ಬಾಗಿಲ ಪಕ್ಕದಲ್ಲಿ ಬಾಳೆಲೆ ಒರೆಸುತ್ತಿದ್ದೆ. ಮಗಳು ನನ್ನನ್ನು ಹೆಮ್ಮೆಯಿಂದ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆ ನನ್ನನ್ನು ಸುಟ್ಟಿತು.

ಇನ್ನೊಂದು ವಿಷಯವೂ ಅವತ್ತೇ ತಲೆಗೆ ಬಂತು. ಭಾವ ಹೋದ ವರ್ಷದಿಂದ ಅಮ್ಮ ಗೌರಿ ಹಬ್ಬಕ್ಕೆ ನಿನಗೆ ಮೊರದ ಬಾಗಿನ ಕಳಿಸುವುದನ್ನು ನಿಲ್ಲಿಸಿದಳು. ಒಂದು ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಪ್ರತಿ ವರ್ಷ ಆ ಕವರು ಹಿಡಿದು ನಿನ್ನ ಬಾಗಿಲಿಗೆ ಬಂದಿದ್ದೇನೆ. ನೀನು ಒಂದು ಸಲವೂ ಮೊರ ಎಲ್ಲಿ ಎಂದು ಕೇಳಲಿಲ್ಲ. ಕವರು ತೆಗೆದುಕೊಂಡು, ಬಿಸಿಲಲ್ಲಿ ಬಂದಿದೀಯ, ಮಜ್ಜಿಗೆ ಕುಡಿ ಅಂದೆ. ನಾನು ಕುಡಿದು ಬಂದೆ. ಅದೂ ನಾನೇ ಬಿಟ್ಟ ಸಂದು. ಹೀಗೆ ಎಷ್ಟು ಬಿಟ್ಟಿದ್ದೇನೋ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ನನಗೆ ಭಯವಿರುವುದೇ ಅದು. ಬಾಗಿಲು ಹಾಕಿಕೊಂಡರೆ ಹಾಕಿಕೋ. ಎಷ್ಟು ದಿನ ಬೇಕಾದರೂ. ನಾನು ಮೆಟ್ಟಿಲ ಮೇಲೆ ಕೂತಿರುತ್ತೇನೆ.

ಈ ಗೌರಿ ಹಬ್ಬಕ್ಕೆ ಬರುತ್ತೇನೆ. ಕವರು ತರುವುದಿಲ್ಲ. ಜೊತೆ ಮೊರ ತರುತ್ತೇನೆ — ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ಎಲ್ಲ ಹಾಕಿ, ನನ್ನ ಹೆಂಡತಿ ಮಗಳ ಜೊತೆ, ಬೀದಿಯವರೆಲ್ಲ ನೋಡುವ ಹೊತ್ತಿನಲ್ಲೇ ಬರುತ್ತೇನೆ. ಆ ರಬ್ಬರಿನ ಪಟ್ಟಿಯನ್ನೂ ತರುತ್ತೇನೆ. ಅದನ್ನು ಹಾಕಲು ಈಗ ಕಾರಿಲ್ಲ, ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಭಾವ ನಿನಗೆ ತರಿಸಿದ್ದರಲ್ಲಿ ಉಳಿದಿರುವುದು ಅದೊಂದೇ, ನಿನ್ನ ಕೈಗೆ ಸೇರಬೇಕು.

ಒಂದನ್ನು ಮಾತ್ರ ಕೇಳುತ್ತೇನೆ. ಅವತ್ತು ಮೇಲಿನ ರಸ್ತೆಯಲ್ಲಿ, ಗಾಳಿಯಲ್ಲಿ, ನೀನು ನನ್ನ ಕಡೆ ತಿರುಗಿ ಏನೋ ಕೇಳಿದೆಯಲ್ಲ. ಕೇಳಿಸದೆಯೇ ನಾನು ಹ್ಞೂಂ ಅಂದೆ. ನೀನು ನಂಬಿ ನಕ್ಕೆ. ಏನು ಕೇಳಿದೆ ಅಕ್ಕ? ನಿನಗಿನ್ನೂ ನೆನಪಿದ್ದರೆ, ಇನ್ನೂ ಬೇಕಾಗಿದ್ದರೆ, ಇನ್ನೊಂದು ಸಲ ಹೇಳು. ಮೆಲ್ಲಗೆ ಹೇಳಿದರೂ ಸಾಕು, ಹತ್ತಿರ ಬಂದು ಕೂತು ಕೇಳಿಸಿಕೊಳ್ಳುತ್ತೇನೆ.